ಕರಿಬಟ್ಟಲಿನ ಸಾಕ್ಷಿ

ಒಣಮೀನು ತೇಲಿತು.

ಖುರ್ಷಿದಬೇಗಂ ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ, ಬಿಸಿ ಸಾರಿನ ಬಟ್ಟಲ ಮೇಲೆ ಬಗ್ಗಿ, ಕೈಗಡಿಯಾರ ನೋಡಿದಳು. ಒಂದು ನಿಮಿಷವಾಯಿತು. ಎರಡಾಯಿತು. ಬೆರಳುದ್ದದ ಮೂರು ಮೀನುಗಳು ಇನ್ನೂ ಕಡ್ಡಿಯ ಹಾಗೆ ಸೆಟೆದುಕೊಂಡು, ಬಾಲ ಮೇಲೆತ್ತಿ ತೇಲುತ್ತಲೇ ಇದ್ದವು.

"ಆಪಾ, ಇನ್ನೂ ಎಷ್ಟೊತ್ತರಿ?" ಎಂದಳು ರಾಧಿಕಾ. ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಸಾರನ್ನು ಸ್ಟೀಲಿನ ಡಬ್ಬಿಯಲ್ಲಿ ತಂದುಕೊಟ್ಟವಳೂ ಅವಳೇ.

"ಜರಾ ತಡಿ ಬೇ. ಮೂವತ್ನಾಲ್ಕು ವರ್ಷ ಪೊಲೀಸ್ ಕೆಲಸ ಮಾಡೀನಿ. ಮನಷ್ಯಾರು ಸುಳ್ಳ ಹೇಳ್ತಾರ, ಮೀನ ಹೇಳಾಂಗಿಲ್ಲ."

ಐದನೆಯ ನಿಮಿಷಕ್ಕೆ ಮೀನು ಮೆತ್ತಗಾಯಿತು. ಏಳನೆಯದಕ್ಕೆ ಹೊಟ್ಟೆ ಬಿರಿದು, ಚರ್ಮ ಸುಲಿದು, ಒಂದೊಂದಾಗಿ ತಳ ಸೇರಿದವು. ಖುರ್ಷಿದಬೇಗಂ ಮೊಬೈಲಿಗೆ ಬಂದಿದ್ದ ಫೋಟೋ ತೆರೆದು ಬಟ್ಟಲಿನ ಪಕ್ಕಕ್ಕಿಟ್ಟಳು. ಈ ಮೂರು ದಿನದಲ್ಲಿ ಅಫಜಲಪುರದಲ್ಲಿ ಆ ಫೋಟೋ ನೋಡದವರು ಯಾರೂ ಉಳಿದಿರಲಿಲ್ಲ.

ಸೋಮವಾರ ಮಧ್ಯಾಹ್ನ, ಮೀನು ಮಾಂಸ ಮುಟ್ಟದ ಶಾಂತಲಿಂಗಪ್ಪ ಸಾಹುಕಾರರು ರಾಧಿಕಾಳ ಗಂಡ ಧಮ್ಮಪಾಲನ ಹೊಸ ಜಪಾನಿ ಹೋಟೆಲಿನಲ್ಲಿ ಉಂಡು ಹೋಗಿದ್ದರು. ಅಂದೇ ಅವರ ಬಟ್ಟಲಲ್ಲಿ ಮೀನು ತೇಲುವ ಫೋಟೋ ಊರೆಲ್ಲ ಹರಿದಾಡಿ, ಸಾಹುಕಾರರು ಅನ್ನ ಬಿಟ್ಟಿದ್ದರು, ಹೋಟೆಲಿನ ಶಟರ್ ಇಳಿದಿತ್ತು.

"ನೋಡಿಲ್ಲಿ. ಫೋಟೋದಾಗ ಮೀನ ಸೆಟದ ನಿಂತಾವ. ಪಾತೇಲಿಯೊಳಗ ಸಾರಿನ ಕೂಡ ಕುದ್ದಿದ್ರ ಕರಗಿ ಹೋಗಿರ್ತಿದ್ವು. ಯಾರೋ ಬಟ್ಟಲಿನ್ಯಾಗ ಮೀನ ಬಿಟ್ಟು, ಎರಡ ನಿಮಿಷದಾಗ ಫೋಟೋ ಹೊಡದಾರ. ನಿನ್ನ ಗಂಡನ ಪಾತೇಲಿ ಸ್ವಚ್ಛ ಅದ."

ರಾಧಿಕಾ ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ಅವಳು ಶಾಲೆಯ ಮೇಷ್ಟ್ರಮ್ಮ. ನಲವತ್ತು ಮಕ್ಕಳ ಎದುರು ಗಟ್ಟಿಯಾಗಿ ನಿಲ್ಲುವವಳು. ಆದರೆ ಮೂರು ದಿನದಿಂದ ಕೇಳಬಾರದ್ದೆಲ್ಲ ಕೇಳಿಸಿಕೊಂಡಿದ್ದಳು. ಬೇಕೆಂತಲೇ ಸಾಹುಕಾರರ ವ್ರತ ಕೆಡಿಸಿದರು ಎಂದು ಹಾಲು ಕೊಡುವವಳೂ ಮುಖ ತಿರುಗಿಸಿದ್ದಳು.

"ಇಷ್ಟ ಸಾಕೇನ್ರಿ ಆಪಾ? ಐದಕ್ಕ ಠಾಣಾದಾಗ ಎಲ್ಲಾರೂ ಕೂಡ್ತಾರ."

"ಸಾಕಾಗಂಗಿಲ್ಲ. ಮೀನ ಯಾರು ಬಿಟ್ಟರು ಅಂತ ಕೇಳ್ತಾರ. ಅಡಗಿಯಾಂವ ತಾನ ಕಡೀಕ ಬಿಟ್ಟಿರಬೇಕು ಅಂತಾರ. ನಡಿ, ಹೋಟೆಲಿಗೆ ಹೋಗೂಣು."

ಇನ್ಸ್‌ಪೆಕ್ಟರು ಒಳ್ಳೆಯವರೇ. ಆದರೆ ಊರಿನ ಹಿರಿಯರು ಅವರ ಬೆನ್ನು ಹತ್ತಿದ್ದರು. ಇವತ್ತು ಗುರುವಾರ ಸಂಜೆ ಐದರೊಳಗೆ ಧಮ್ಮಪಾಲನ ತಪ್ಪಿಲ್ಲ ಎನ್ನುವುದಕ್ಕೆ ಗಟ್ಟಿ ಪುರಾವೆ ಬರದಿದ್ದರೆ ದೂರು ದಾಖಲಾಗುತ್ತಿತ್ತು, ಹೋಟೆಲಿಗೆ ಬೀಗ ಬೀಳುತ್ತಿತ್ತು. ಒಮ್ಮೆ ಬಿದ್ದ ಬೀಗ ತೆಗೆಸುವುದು ಎಷ್ಟು ಕಷ್ಟವೆಂದು ನಿವೃತ್ತ ಎ.ಎಸ್.ಐ. ಖುರ್ಷಿದಬೇಗಂಗೆ ಗೊತ್ತಿತ್ತು.

ಅವಳ ಮೊಣಕಾಲು ಎಂದಿನಂತೆ ಗೊಣಗಿತು. ಅವಳೂ ಗೊಣಗುತ್ತ ಆಟೋ ಹತ್ತಿದಳು.

*

ಹವಳಗಾ ರಸ್ತೆ ಎರಡು ವರ್ಷದಲ್ಲಿ ಗುರುತು ಸಿಗದ ಹಾಗೆ ಬೆಳೆದಿತ್ತು. ಜೋಳದ ಹೊಲವಿದ್ದಲ್ಲಿ ಟ್ರ್ಯಾಕ್ಟರ್ ಶೋರೂಂ ಬಂದಿತ್ತು, ಅದರ ಪಕ್ಕ ಕಣ್ಣಿನ ಆಸ್ಪತ್ರೆ, ಅದರಾಚೆ ಧಮ್ಮಪಾಲನ ಹೋಟೆಲು. ಫಲಕದ ಮೇಲೆ 'ಮೆತ್ತಾ: ಜಪಾನಿ ಸಸ್ಯಾಹಾರಿ ಊಟ' ಎಂದಿತ್ತು. ಮೆತ್ತಾ ಎಂದರೆ ಪಾಲಿಯಲ್ಲಿ ಮೈತ್ರಿ. ಊರಿನವರು ಅಷ್ಟೆಲ್ಲ ಓದುವ ತ್ರಾಸು ತೆಗೆದುಕೊಳ್ಳದೆ 'ಜಪಾನ್ ಖಾನಾವಳಿ' ಎಂದು ಹೆಸರಿಟ್ಟು ಮುಗಿಸಿದ್ದರು.

ಹವಳಗಾದ ಕೂಲಿಕಾರನ ಮಗ ಧಮ್ಮಪಾಲ ಜಪಾನಿಗೆ ಹೋದವನಲ್ಲ. ಬುದ್ಧಗಯೆಗೆ ಯಾತ್ರೆ ಹೋದವನು ಅಲ್ಲಿನ ಜಪಾನಿ ವಿಹಾರದ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಲು ನಿಂತು, ಒಂಬತ್ತು ವರ್ಷ ಅಲ್ಲೇ ಉಳಿದುಬಿಟ್ಟ. ಭಿಕ್ಕುಗಳ ಅಡುಗೆಯಲ್ಲಿ ಮೀನಿಲ್ಲ, ಮಾಂಸವಿಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿಯೂ ಇಲ್ಲ. ಒಣಗಿದ ಸಮುದ್ರದ ಎಲೆ, ಒಣ ಅಣಬೆ, ಸೋಯಾ ಕಾಳಿನ ಹಿಟ್ಟಿನಿಂದ ರುಚಿ ತೆಗೆಯುವುದನ್ನು ಮುದುಕ ಭಿಕ್ಕುವೊಬ್ಬರು ಅವನ ಕೈಹಿಡಿದು ಕಲಿಸಿದ್ದರು.

ಮೊದಮೊದಲು ಊರವರು ಉಣ್ಣುವ ಕಡ್ಡಿ ಹಿಡಿಯಲು ಬಾರದೆ ನಕ್ಕು ನಕ್ಕು ಉಂಡರು. ರೊಟ್ಟಿ ಇಲ್ಲವೇ ಎಂದು ಕೇಳಿದರು. ತಾಲ್ಲೂಕು ಕಚೇರಿಯ ಒಬ್ಬ ಗುಮಾಸ್ತ ಕಿಸೆಯಲ್ಲಿ ಶೇಂಗಾ ಹಿಂಡಿಯ ಪೊಟ್ಟಣ ತಂದು, ಅನ್ನದ ಸುರುಳಿಯ ಮೇಲೆ ಕದ್ದು ಉದುರಿಸಿಕೊಂಡ. ಧಮ್ಮಪಾಲ ಅದನ್ನು ನೋಡಿ, ಮರುದಿನದಿಂದ ಎಲ್ಲ ಟೇಬಲ್ಲಿಗೂ ಒಂದೊಂದು ವಾಟಿ ಶೇಂಗಾ ಹಿಂಡಿ ಇಡಿಸಿದ. ಅವನು ಅಂಥವನು. ಸಕ್ಕರೆ ಕಾರ್ಖಾನೆಯ ಇಂಜಿನಿಯರುಗಳು ಭಾನುವಾರ ಸಂಸಾರ ಸಮೇತ ಬರತೊಡಗಿದ್ದರು.

ಸಮುದ್ರದ ಎಲೆಗೆ ಮೀನಿನಂಥ ಒಂದು ವಾಸನೆ ಇರುತ್ತದೆ. ಅದನ್ನು ಮೂಸಿದವರು ಮೊದಲೇ ಮೂಗು ಮುರಿದಿದ್ದರು. ಫೋಟೋ ಬಂದ ಮೇಲೆ 'ನಾ ಅಂದಿದ್ದಿಲ್ಲೇನು' ಎನ್ನುವುದಕ್ಕೆ ಎಲ್ಲರಿಗೂ ಹಾದಿಯಾಯಿತು.

ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಖುರ್ಷಿದಬೇಗಂ ಒಳಗೆ ಹೋದಳು. ಕುರ್ಚಿಗಳನ್ನು ಟೇಬಲ್ಲುಗಳ ಮೇಲೆ ತಲೆಕೆಳಗಾಗಿ ಇಟ್ಟಿದ್ದರು. ಧಮ್ಮಪಾಲ ಒಲೆ ಹಚ್ಚದ ಅಡುಗೆಮನೆಯಲ್ಲಿ ನಿಂತು, ಸ್ವಚ್ಛವಾಗಿದ್ದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದ.

"ಮೇಡಂ, ಬಿಟ್ಟುಬಿಡ್ರಿ ಇದನ್ನ," ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ. "ನಾ ಬೀಗ ಹಾಕಿ ಹೋಗ್ತೇನಿ. ಬುದ್ಧಗಯಾದಾಗ ನಂಗ ಅನ್ನಕ್ಕೇನು ಕಡಿಮಿ ಇಲ್ಲ."

"ಬಿಡಾಕ ನೀ ನನ್ನ ಕರದಿಲ್ಲಪಾ. ನಿನ್ನ ಹೆಂಡತಿ ಕರದಾಳ. ಸಾವ್ಕಾರ್ರು ಎಲ್ಲಿ ಕುಂತಿದ್ರು ತೋರ್ಸು."

ಅವನು ರಾಧಿಕಾಳ ಮುಖ ನೋಡಿದ. ನೋಡಿ, ಕಣ್ಣು ತಪ್ಪಿಸಿದ. ಪಾಪ, ಹೆದರಿ ಹೋಗಿದ್ದಾನೆ ಎಂದುಕೊಂಡಳು ಖುರ್ಷಿದಬೇಗಂ.

ಸಾಹುಕಾರರು ಕುಳಿತದ್ದು ಮೂಲೆಯಲ್ಲಿ, ಬಿದಿರಿನ ಪರದೆಯ ಹಿಂದೆ, ಚಾಪೆಯ ಮೇಲೆ. ಎದುರಿಗೆ ಮೊಣಕಾಲೆತ್ತರದ ಮೇಜು. ಬಡಿಸಿದವನು ರಾಧಿಕಾಳ ತಮ್ಮ ಅಜಯಕುಮಾರ, ಬಿ.ಕಾಂ. ಮುಗಿಸಿ, ಇಪ್ಪತ್ತಾರು ತುಂಬಿ, ಅಕ್ಕನ ಗಂಡನ ಹೋಟೆಲಿನ ಉಸ್ತುವಾರಿ ನೋಡಿಕೊಂಡಿದ್ದವನು. ಅವನೂ ಬಂದು ಪಕ್ಕದಲ್ಲಿ ನಿಂತ.

"ಈ ಬಟ್ಟಲಿನ್ಯಾಗ ಕೊಟ್ಟಿದ್ವಿರಿ," ಎಂದು ಕಪಾಟಿನಿಂದ ತೆಗೆದು ತೋರಿಸಿದ.

ಕರಿ ಅರಗು ಬಳಿದ ಮರದ ಬಟ್ಟಲು, ಅಂಚಿಗೆ ಒಂದೆಳೆ ಬಂಗಾರದ ಗೆರೆ. ಮುದುಕ ಭಿಕ್ಕು ಬೀಳ್ಕೊಡುವಾಗ ಕೊಟ್ಟದ್ದು. ಇಡೀ ಹೋಟೆಲಿನಲ್ಲಿ ಅಂಥದ್ದು ಅದೊಂದೇ. ಗಿರಾಕಿಗಳಿಗೆ ಕೊಡುವ ಬಟ್ಟಲುಗಳೆಲ್ಲ ಕೆಂಪು. ಫೋಟೋದಲ್ಲಿ ಇದ್ದದ್ದು ಕರಿ ಬಟ್ಟಲೇ, ಅರ್ಧ ಸಾರು, ಮೇಲೆ ಮೂರು ಮೀನು.

"ಇದು ಅವರ ಮುಂದಿಂದ ಯಾವಾಗ ಎತ್ತಿದಿ?"

"ಅವರು ಉಂಡ ಮ್ಯಾಲರಿ."

"ಅರ್ಧ ಉಳದಿತ್ತಲ್ಲ?"

"ಇಲ್ರಿ ಮೇಡಂ." ಅಜಯಕುಮಾರನ ದನಿ ತುಸು ಗಟ್ಟಿಯಾಯಿತು. "ಏನೂ ಉಳದಿದ್ದಿಲ್ಲ. ಬಟ್ಟಲಾ ತೊಳದು, ಆ ನೀರೂ ಕುಡದಾಗಿತ್ತು. ಖಾಲಿ ಬಟ್ಟಲ ತಂದು ಮಾವನ ಕೈಯಾಗ ಕೊಟ್ಟೆ."

ಖುರ್ಷಿದಬೇಗಂ ತನ್ನ ಹಣೆಗೆ ತಾನೇ ಬಡಿದುಕೊಂಡಳು. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಸಾಹುಕಾರರು ಹಳೆಯ ಕಟ್ಟುನಿಟ್ಟಿನ ಶರಣರು. ಲಿಂಗಕ್ಕೆ ತೋರಿಸಿದ ಅನ್ನ ಪ್ರಸಾದವೆಂದು ಒಂದಗುಳೂ ಬಿಡುವವರಲ್ಲ. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುವವರು. ಮದುವೆಯ ಪಂಕ್ತಿಯಲ್ಲಿ ಅವರ ಪಕ್ಕ ಕುಳಿತ ಮಕ್ಕಳು ಅದನ್ನೇ ಬೆರಗಾಗಿ ನೋಡುತ್ತಿದ್ದವು. ಬಂದೋಬಸ್ತಿಗೆ ಹೋದ ಎಷ್ಟೋ ಮದುವೆಗಳಲ್ಲಿ ಅವಳೂ ನೋಡಿದ್ದಳು.

"ಅರ್ಧ ತುಂಬಿದ ಬಟ್ಟಲಂತ. ಸಾವ್ಕಾರ್ರು ಎಂದಾದ್ರೂ ಅರ್ಧ ಬಿಟ್ಟಾರೇನು? ಮೂರ ದಿನಾ ಇಡೀ ಊರು ಫೋಟೋ ನೋಡ್ತು, ಒಬ್ಬರಿಗರೆ ಹೊಳೀಲಿಲ್ಲ. ನಂಗೂ ಹೊಳೀಲಿಲ್ಲ."

"ಹಂಗಂದ್ರರಿ?" ಎಂದಳು ರಾಧಿಕಾ.

"ಅವರು ಖಾಲಿ ಮಾಡಿ ಕೊಟ್ಟ ಬಟ್ಟಲಿಗೆ ಆಮ್ಯಾಲ ಯಾರೋ ಮತ್ತ ಸಾರ ಹಾಕಿ, ಮೀನ ಬಿಟ್ಟು, ಫೋಟೋ ಹೊಡದಾರ. ಸಾವ್ಕಾರ್ರ ಹೊಟ್ಟಿಗೆ ಮೀನ ಹೋಗೇ ಇಲ್ಲ. ಅವರ ವ್ರತಾ ಕೆಟ್ಟೇ ಇಲ್ಲ. ಅದನ್ನ ಅವರ ಬಾಯಿಂದ ಇನ್ಸ್‌ಪೆಕ್ಟರ್ ಮುಂದ ಒಂದು ಮಾತು ಹೇಳಿಸಿಬಿಟ್ರ ಸಾಕು."

ಪಾತ್ರೆ ಒಣಹಾಕುವ ಕಟ್ಟೆ ಹಿತ್ತಲಲ್ಲಿತ್ತು. ಅದಕ್ಕೆ ಎದೆಮಟ್ಟದ ಗೋಡೆ. ಗೋಡೆಯಾಚೆ ಒಣಮೀನನ್ನೂ ಬಡಿಸುವ ದೇವೀಂದ್ರಪ್ಪನ ಹಳೆಯ ಖಾನಾವಳಿ. ಜಪಾನಿ ಹೋಟೆಲು ಬಂದ ಮೇಲೆ ಭಾನುವಾರದ ಗಿರಾಕಿ ಕಡಿಮೆಯಾಯಿತೆಂದು ದೇವೀಂದ್ರಪ್ಪ ನಾಲ್ಕು ಜನರ ಎದುರು ಕೂಗಾಡಿದ್ದುಂಟು. ಖುರ್ಷಿದಬೇಗಂ ಗೋಡೆಯನ್ನು ಒಮ್ಮೆ, ತನ್ನ ಮೊಣಕಾಲನ್ನು ಒಮ್ಮೆ ನೋಡಿ, ಅವನನ್ನು ನಾಳೆ ವಿಚಾರಿಸಿದರಾಯಿತು ಎಂದುಕೊಂಡಳು.

ತಿರುಗಿ ಬಂದಾಗ ಅಜಯಕುಮಾರ ನೆಲ ನೋಡುತ್ತ ನಿಂತಿದ್ದ. ಧಮ್ಮಪಾಲ ಕರಿಬಟ್ಟಲನ್ನು ಅವನ ಕೈಯಿಂದ ತೆಗೆದುಕೊಂಡು, ಕಪಾಟಿಗಿಟ್ಟು, ಬಾಗಿಲು ಮುಚ್ಚಿದ. ಇಷ್ಟು ಒಳ್ಳೆಯ ಸುದ್ದಿ ಕೇಳಿಯೂ ಅವನ ಮುಖದಲ್ಲಿ ಗೆಲುವು ಕಾಣಲಿಲ್ಲ.

"ಸಾವ್ಕಾರ್ರನ್ನ ತ್ರಾಸ ಮಾಡಬ್ಯಾಡ್ರಿ ಮೇಡಂ," ಎಂದಷ್ಟೇ ಅಂದ.

*

ಸಾಹುಕಾರರ ಮನೆಗೆ ಹೋದಾಗ ನಾಲ್ಕು ದಾಟಿತ್ತು. ಪಡಸಾಲೆಯ ಫರ್ಸಿಯ ಮೇಲೆ ಹತ್ತಾರು ಚಪ್ಪಲಿ ಬಿಟ್ಟ ಗುರುತಿತ್ತು. ಬಂದವರೆಲ್ಲ ಉಣ್ಣಿರೆಂದು ಬೇಡಿಕೊಂಡು, ಸೋತು ಹೋಗಿದ್ದರು. ಸಾಹುಕಾರರ ಹೆಂಡತಿ ಸುಭದ್ರಾಬಾಯಿ ಒಳಬಾಗಿಲ ಪಕ್ಕ ಗಂಜಿಯ ಬಟ್ಟಲು ಹಿಡಿದು ಕುಳಿತಿದ್ದರು. ಗಂಜಿ ಆರಿ ಕೆನೆಗಟ್ಟಿತ್ತು.

"ಬರ್ರಿ ಬೇಗಂ," ಎಂದರು ಅವರು. ರಾಧಿಕಾಳನ್ನೂ ನೋಡಿದರು. ಒಂದು ಗಳಿಗೆ ತಡೆದು, "ನೀನೂ ಬಾರವ್ವ, ಒಳಗ ಬಾ," ಎಂದರು. ರಾಧಿಕಾ ಬಾಗಿಲ ಚೌಕಟ್ಟಿಗೆ ಒರಗಿ ಅಲ್ಲೇ ನಿಂತಳು.

ಮಗ ಕಲ್ಲಿನಾಥ ಕುರ್ಚಿಯಿಂದ ಏಳಲಿಲ್ಲ. ಐವತ್ತರ ಹತ್ತಿರದ, ತೂಕದ ಆಳು. ಮೂರು ದಿನದ ಗಡ್ಡ ಅವನನ್ನು ಇನ್ನಷ್ಟು ದಣಿದವನಂತೆ ತೋರಿಸುತ್ತಿತ್ತು. ತನಗೆ ಬಂದ ಫೋಟೋವನ್ನು ಊರಿನ ವಾಟ್ಸಪ್ ಗುಂಪಿಗೆ ಮೊದಲು ಕಳಿಸಿದವನು ಅವನೇ. ಗೊತ್ತಿಲ್ಲದ ನಂಬರಿನಿಂದ ಬಂತು, ಕಳಿಸಿದೆ ಎಂದು ಠಾಣೆಯಲ್ಲಿ ಹೇಳಿದ್ದ. ಆ ನಂಬರು ಯಾರದೆಂದು ಠಾಣೆಯವರಿಗೆ ಇನ್ನೂ ಸಿಕ್ಕಿರಲಿಲ್ಲ.

"ಮೇಡಂ, ಈಕೀನ ಯಾಕ ಕರಕೊಂಡು ಬಂದೀರಿ?"

"ಈಕೀದೇ ಅನ್ನ ಹೋಗಾಕತ್ತದ, ಅದಕ್ಕ. ನಿಮ್ಮ ತಂದಿಯವರ ಕೂಡ ಎರಡ ಮಾತು ಆಡಬೇಕ್ರಿ."

"ಆಗಂಗಿಲ್ಲ. ಅಪ್ಪ ಪೂಜಾ ಕ್ವಾಣ್ಯಾಗ ಅದಾರ. ನೀರ ಬಿಟ್ಟು ಏನೂ ತಗೊಂಡಿಲ್ಲ. ಮಾತಾಡಸಬ್ಯಾಡ್ರಿ."

"ನಾ ತಂದದ್ದು ಅವರು ಊಟ ಮಾಡೂವಂಥ ಸುದ್ದಿ ಅದ, ಕಲ್ಲಿನಾಥ್ರ."

ಅವಳು ಅಲ್ಲೇ ಕಂಬಕ್ಕೊರಗಿ ಕುಳಿತು, ಒಂದೊಂದಾಗಿ ಹೇಳಿದಳು. ಮೀನು ಮೊದಲು ತೇಲುವುದು, ಆಮೇಲೆ ಮುಳುಗುವುದು. ಪಾತೇಲಿಯಲ್ಲಿ ಕುದ್ದ ಮೀನು ಫೋಟೋದಲ್ಲಿನ ಮೀನಿನಂತೆ ಸೆಟೆದು ನಿಲ್ಲಲಾರದು. ಹೇಳುತ್ತ ಅವಳು ಕಲ್ಲಿನಾಥನ ಮುಖವನ್ನೇ ನೋಡುತ್ತಿದ್ದಳು. ಅಪ್ಪನ ವ್ರತ ಉಳಿದಿದೆ ಎಂದು ಕೇಳಿದ ಮಗನಿಗೆ ಸಂತೋಷವಾಗಬೇಕಿತ್ತು. ಅವನು ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

"ಮೀನಿನ ಮಾತು ನಂಗ ತಿಳಿಯಂಗಿಲ್ರಿ. ನಾವು ಮೀನ ಮುಟ್ಟಾವರಲ್ಲ."

"ತಾಟಿನ ಮಾತಂತೂ ತಿಳೀತದಲ್ರಿ? ನಿಮ್ಮ ತಂದಿಯವರು ತಾಟ ತೊಳದು ಕುಡಿಯಾವರು. ಫೋಟೋದಾಗ ಬಟ್ಟಲು ಅರ್ಧ ತುಂಬೇದ. ಅವರ ಕೈಯಿಂದ ಬಟ್ಟಲು ಖಾಲಿ ಹೋಗೇದ ಅಂತ ಅದನ್ನ ಎತ್ತಿದ ಹುಡುಗನೂ ಹೇಳ್ಯಾನ. ಸಣ್ಣಂದಿನಿಂದ ಒಂದೇ ಪಂಕ್ತ್ಯಾಗ ಕುಂತು ಉಂಡಾವರು ನೀವು. ನಿಮಗ ಫೋಟೋ ನೋಡಿದ ಕೂಡ್ಲೇ ಅನಮಾನ ಬರಲಿಲ್ಲೇನ್ರಿ?"

ಕಲ್ಲಿನಾಥ ಟವೆಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡ.

"ಬಂದಿತ್ತು, ಹೌದಿಲ್ಲ?"

"ಮೇಡಂ, ನೀವು ಈಗ ಹೋಗ್ರಿ."

"ಠಾಣಾದಾಗ ಅವರು ಒಂದ ಮಾತು ಅಂದ್ರ ಸಾಕು. ನಾ ಬಟ್ಟಲಾ ತೊಳದು ಕುಡದೇನಿ ಅನಬೇಕು. ಅಷ್ಟ. ನೀವು ಬ್ಯಾಡಂದ್ರ, ಯಾಕ ಬ್ಯಾಡ ಅಂತ ಇನ್ಸ್‌ಪೆಕ್ಟರ್ ಮುಂದ ನಾನೂ ಕೇಳಬೇಕಾಗ್ತದ."

"ನಮ್ಮಪ್ಪಗ ಎಪ್ಪತ್ನಾಲ್ಕು ವರ್ಷ," ಎಂದ ಕಲ್ಲಿನಾಥ. "ಆ ಖಾನಾವಳಿಗೆ ಹೋಗಬ್ಯಾಡಂತ ಕಾಲ ಹಿಡಕೊಂಡಿದ್ದೆ. ಕೇಳಲಿಲ್ಲ. ಈಗ ನೋಡ್ರಿ, ಜೀವಾನ ಹೋಗಾಕತ್ತದ. ನಂಗ ನಮ್ಮಪ್ಪ ಬೇಕ್ರಿ. ಹೋಟೆಲ ಉಳೀಲಿ, ಹೋಗಲಿ."

ಅವನ ದುಃಖ ನಾಟಕದ್ದಲ್ಲ. ಅದು ಖುರ್ಷಿದಬೇಗಂಗೆ ಚೆನ್ನಾಗಿಯೇ ತಿಳಿಯಿತು.

ಆಗ ಪೂಜೆಯ ಕೋಣೆಯ ಬಾಗಿಲು ತೆರೆಯಿತು.

ಶಾಂತಲಿಂಗಪ್ಪನವರು ಗೋಡೆ ಹಿಡಿದು ಬಂದರು. ಹಣೆಯ ವಿಭೂತಿ ಒಣಗಿ ಬಿರುಕುಬಿಟ್ಟಿತ್ತು. ಸುಭದ್ರಾಬಾಯಿ ಬಟ್ಟಲು ಹಿಡಿದೇ ಓಡಿಹೋಗಿ, ಇನ್ನೊಂದು ಕೈಯಿಂದ ತೋಳು ಹಿಡಿದು, ಚಾಪೆಯ ಮೇಲೆ ಕೂರಿಸಿದರು. ಅವರು ನೇರವಾಗಿ ಖುರ್ಷಿದಬೇಗಂಳನ್ನು ನೋಡಿದರು.

"ಎಲ್ಲಾ ಕೇಳಿದೆ ಬೇಗಂ. ಆದ್ರ ನಾ ಆ ಬಟ್ಟಲಾ ತೊಳದು ಕುಡೀಲಿಲ್ರಿ."

ಅವರು ಅಂಗೈಯನ್ನು ಚಾಪೆಗೆ ಊರಿ ಮುಂದುವರಿಸಿದರು.

"ಸಾರು ಚಲೋ ಇತ್ತು. ಅಂಥಾದ್ದು ನಾ ಉಂಡೇ ಇದ್ದಿಲ್ಲ. ಅರ್ಧ ಕುಡದೆ. ಆಮ್ಯಾಲ ಕೈ ನಿಂತುಬಿಡ್ತು. ತೊಳದು ಕುಡೀಬೇಕಂದ್ರ ಅದು ಪ್ರಸಾದ ಅಂತ ಮನಸು ಒಪ್ಪಬೇಕು. ಐವತ್ತು ವರ್ಷ ಸಭಾದಾಗ ನಿಂತು, ಎಲ್ಲಾರೂ ಒಂದೇ ಅಂತ ಹೇಳೀನಿ. ಅಲ್ಲಿ ಕುಂತಾಗ ಅಣ್ಣಾರಾಯನ ತಾಟ ನೆನಪಾತು."

"ಅಣ್ಣಾರಾಯ ಅಂದ್ರ?"

"ನಮ್ಮ ಮಾವನವರು," ಎಂದಳು ರಾಧಿಕಾ ಬಾಗಿಲಿನಿಂದ. "ಅವರ ತಂದಿ."

"ಹೌದವ್ವ, ಧಮ್ಮಪಾಲನ ಅಪ್ಪ. ನಮ್ಮ ಹವಳಗಾ ಹೊಲದಾಗ ಇಪ್ಪತ್ತೆರಡು ವರ್ಷ ದುಡದಾನ. ಆತನ ತಾಟ ಬ್ಯಾರೇನ ಇತ್ತು, ಹೊರಗಿನ ಗೋಡಿ ಗೂಡಿನ್ಯಾಗ. ಉಂಡು, ತಾನ ತೊಳದು, ಅಲ್ಲೇ ಇಟ್ಟು ಹೋಗ್ತಿದ್ದ. ಒಂದ ದಿನಾನೂ ಒಳಗ ಬಾ ಅಂತ ನಾ ಅನಲಿಲ್ಲ. ಸೋಮವಾರ ಆತನ ಮಗ ನಂಗ ತನ್ನ ಗುರುಗಳ ಬಟ್ಟಲಿನ್ಯಾಗ ಸಾರ ಕೊಟ್ಟ. ನನ್ನ ಕೈಯಿಂದ ಅದನ್ನ ಪೂರಾ ಮಾಡೂದು ಆಗಲಿಲ್ಲ. ಸಭಾದಾಗ ಹೇಳಿದ್ದೆಲ್ಲಾ ಸುಳ್ಳಾತು ಬೇಗಂ."

ಮುದುಕರ ಕಣ್ಣಲ್ಲಿ ನೀರಿರಲಿಲ್ಲ. ಅಳುವುದಕ್ಕೂ ಶಕ್ತಿ ಬೇಕು. ಖುರ್ಷಿದಬೇಗಂಗೆ ಅವರ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಯ್ಯೋ ಅನ್ನಿಸಿತು. ಊರೆಲ್ಲ ಮೀನಿಗಾಗಿ ಉಪವಾಸ ಎಂದುಕೊಂಡಿತ್ತು. ಇವರು ತಮ್ಮ ನಾಚಿಕೆಗೆ ತಾವೇ ದಂಡ ಕೊಡುತ್ತ ಕುಳಿತಿದ್ದರು.

ಆದರೆ ಕೇಸಿನ ಲೆಕ್ಕ ತಲೆಕೆಳಗಾಯಿತಲ್ಲ. ಬಟ್ಟಲು ಅರ್ಧ ಉಳಿದಿದ್ದರೆ ಅವಳ ಪುರಾವೆ ಎಲ್ಲಿ ಉಳಿಯಿತು? ಖಾಲಿ ಬಟ್ಟಲು ತಂದೆ ಎಂದ ಅಜಯಕುಮಾರ ಸುಳ್ಳು ಹೇಳಿದ್ದ. ಅವಳು ರಾಧಿಕಾಳ ಕಡೆ ನೋಡಿದಳು. ರಾಧಿಕಾ ಆಗಲೇ ಅದನ್ನೇ ಯೋಚಿಸಿ ಬಿಳಿಚಿಕೊಂಡಿದ್ದಳು.

"ಸಾವ್ಕಾರ್ರ, ಹಂಗಂದ್ರ ಬಟ್ಟಲು ಅರ್ಧ ಸಾರಿನ ಕೂಡ ಒಳಗ ಹೋತೇನು?"

"ಇಲ್ರಿ. ಖಾಲೀನ ಹೋತು."

"ಹ್ಯಾಂಗ್ರಿ?"

ಅವರು ತಲೆ ತಗ್ಗಿಸಿದರು. "ಆ ಹುಡುಗ ಬಟ್ಟಲ ಎತ್ತಾಕ ಬಂದ. ಉಳದದ್ದು ನೋಡಿದ. ನನ್ನ ಮಾರಿ ನೋಡಿದ. 'ಅಜ್ಜಾರ, ನೀವು ತೊಳದು ಕುಡೀತೀರಿ ಅಂತ ನಮ್ಮ ಮಾವ ಒಳಗ ಕಾಯಾಕತ್ತಾನ' ಅಂದ. ನಾ ಮಾತಾಡಲಿಲ್ಲ. ಆತ ನನ್ನ ಮುಂದ ಕುಂತು, ನಾ ಬಿಟ್ಟಿದ್ದನ್ನ ತಾನು ಕುಡದ. ನೀರ ಹಾಕಿ ತೊಳದು, ಅದನ್ನೂ ಕುಡದ. 'ನೀವ ಕುಡದ್ರಿ ಅಂತ ಹೇಳ್ತೇನಿ, ನೀವು ಇಲ್ಲ ಅನಬ್ಯಾಡ್ರಿ' ಅಂದು ಕೈ ಮುಗದ."

ರಾಧಿಕಾ ಬಾಯಿಗೆ ಸೆರಗು ಒತ್ತಿಕೊಂಡಳು.

"ನಮ್ಮಜ್ಜಿ ರಮಾಬಾಯಿ ಬೌದ್ಧ ದೀಕ್ಷಾ ತಗೊಂಡ ದಿನಾ ಹೇಳ್ಯಾಳ್ರಿ," ಎಂದಳು ನಿಧಾನವಾಗಿ. "ಉಪಾಸ ಸತ್ರೂ ಬ್ಯಾರೇದವರ ಎಂಜಲಾ ಮುಟ್ಟಬ್ಯಾಡ್ರಿ ಅಂತ. ಮೂರು ತಲಿಮಾರು ಅದನ್ನ ಹಿಡಕೊಂಡ ಬಂದೀವಿ. ನನ್ನ ತಮ್ಮ ತನ್ನ ಮಾವನ ಮನಸು ಮುರೀಬಾರದಂತ ಅದನ್ನ ಬಿಟ್ಟನೇನು?"

"ಅದಕ್ಕ ನನಗ ಅನ್ನ ಒಳಗ ಹೋಗವಲ್ದು ತಾಯಿ," ಎಂದರು ಮುದುಕರು. "ಕಲ್ಲಿನಾಥ, ಗಾಡಿ ತಗಿ. ಐದಕ್ಕ ಹೋಗೂಣು. ಎಲ್ಲಾರ ಮುಂದ ಇದ್ದದ್ದು ಇದ್ದಂಗ ಹೇಳ್ತೇನಿ. ಆತನ ಹೋಟೆಲರೆ ಉಳೀಲಿ."

"ಹೇಳಬ್ಯಾಡ್ರಿ," ಎಂದಳು ರಾಧಿಕಾ. "ನಿಮ್ಮ ಕಾಲ ಬೀಳ್ತೇನಿ ಅಜ್ಜಾರ. ಬಟ್ಟಲ ಖಾಲಿ ಇತ್ತು ಅನ್ನೂದಕ್ಕ ಆ ಮಾತು ಹೇಳಬೇಕಂದ್ರ, ಹೋಟೆಲ ಹೋಗಲಿ. ಧಮ್ಮಪಾಲಗ ಇದು ಗೊತ್ತಾದ್ರ ಅವರು ಮನಷ್ಯಾರಾಗಿ ಉಳಿಯಂಗಿಲ್ಲ."

ಪುರಾವೆ ಕೈಗೆ ಬಂದಿತ್ತು. ಅದನ್ನು ಬಳಸಿದರೆ ಹೋಟೆಲು ಉಳಿಯುತ್ತಿತ್ತು, ಅದನ್ನು ನಡೆಸುವವನ ಮನಸ್ಸು ಉಳಿಯುತ್ತಿರಲಿಲ್ಲ. ಖುರ್ಷಿದಬೇಗಂ ತನ್ನ ನೌಕರಿಯಲ್ಲಿ ಎಷ್ಟೋ ಸತ್ಯ ಹುಡುಕಿದ್ದಳು. ಸಿಕ್ಕಿದ ಮೇಲೆ ಯಾಕಾದರೂ ಸಿಕ್ಕಿತೋ ಅನ್ನಿಸಿದ್ದು ಕಡಿಮೆ.

ಕುರ್ಚಿ ಕಿರ್ರೆಂದಿತು. ಕಲ್ಲಿನಾಥ ಎದ್ದು, ಅಪ್ಪನ ಎದುರು ನೆಲದ ಮೇಲೆ ಕುಳಿತ.

"ಅಪ್ಪಾ, ನಾನೂ ಅದನ್ನ ನೋಡೀನಿ."

"ಏನು ನೋಡಿದಿ?"

"ನಿಮ್ಮನ್ನ ಕರಕೊಂಡು ಬರಾಕ ಬಂದಿದ್ದೆ. ಪರದಿ ಹಿಂದ ನಿಂತಿದ್ದೆ. ಆ ಹುಡುಗ ಕುಡಿಯೂದು ನೋಡೀನಿ. ಫೋಟೋ ಸುಳ್ಳಂತ ನಂಗ ಸೋಮವಾರನ ಗೊತ್ತಿತ್ತು. ನೀವು ಮತ್ತ ಅಲ್ಲಿಗೆ ಹೋಗಬಾರದಂತ ಸುಮ್ನ ಇದ್ದೆ. ಆದ್ರ ಫೋಟೋ ನಾ ಹೊಡದಿಲ್ಲ. ನಿಮ್ಮಾಣಿ."

ಸುಭದ್ರಾಬಾಯಿಯವರ ಕೈಯಲ್ಲಿದ್ದ ಗಂಜಿಯ ಬಟ್ಟಲು ನೆಲಕ್ಕೆ ಬಿತ್ತು. ಖುರ್ಷಿದಬೇಗಂ ಮಾತ್ರ ಅಲುಗದೆ ಕುಳಿತಿದ್ದಳು. ಅವಳೊಳಗಿನ ಪೊಲೀಸಿನವಳು ಎದ್ದು ನಿಂತಿದ್ದಳು.

"ನೀವು ನೋಡಿದ್ದನ್ನ ಯಾರಿಗರೆ ಹೇಳಿದ್ರೇನ್ರಿ?"

"ಒಬ್ಬರಿಗೆ."

"ದೇವೀಂದ್ರಪ್ಪಗ?"

ಕಲ್ಲಿನಾಥ ಅಲ್ಲವೆಂದು ತಲೆಯಾಡಿಸಿದ. ರಾಧಿಕಾಳತ್ತ ನೋಡಲು ಹೋಗಿ, ನೋಡಲಾರದೆ, ತನ್ನ ಅಂಗೈ ನೋಡಿಕೊಂಡ.

"ಧಮ್ಮಪಾಲಗ. ಹಿತ್ತಲ ಬಾಗಲಿಗೆ ಹೋಗಿ ಹೇಳಿದೆ. ಸಿಟ್ಟಿನ್ಯಾಗ ಇದ್ದೆ. 'ನಿನ್ನ ಊಟ ನಮ್ಮಪ್ಪ ಅರ್ಧಕ್ಕ ಬಿಟ್ಟಾನ, ನಿನ್ನ ಹೆಂಡತಿ ತಮ್ಮ ಆ ಎಂಜಲಾ ಕುಡದಾನ, ಹೋಗಿ ಕೇಳು' ಅಂದೆ."

"ಆತ ಏನಂದ?"

"ಏನೂ ಅನಲಿಲ್ಲ. ಆ ಕರಿ ಬಟ್ಟಲ ತೊಳಕೋತ ನಿಂತಿದ್ದ. ನಳಾ ಬಂದ್ ಮಾಡಿ, ಅದನ್ನ ಹಿಡಕೊಂಡೇ ಒಳಗ ಹೋಗಿ ಬಾಗಲಾ ಹಾಕಿಕೊಂಡ. ಅರ್ಧ ತಾಸಿನ್ಯಾಗ ನನ್ನ ಫೋನಿಗೆ ಫೋಟೋ ಬಂತು."

ರಾಧಿಕಾ ಚೌಕಟ್ಟಿನಿಂದ ಕೈ ತೆಗೆದಳು. ಅಂಗಳಕ್ಕಿಳಿದು ಚಪ್ಪಲಿಯಲ್ಲಿ ಕಾಲು ತೂರಿಸುವಾಗ ಎರಡು ಸಲ ತಪ್ಪಿತು.

"ಎಲ್ಲಿಗೆ ಬೇ?" ಎಂದಳು ಖುರ್ಷಿದಬೇಗಂ, ಕಂಬ ಹಿಡಿದು ಏಳುತ್ತ. "ಠಾಣಾಕ್ಕ ಕೂಡೇ ಹೋಗೂಣು, ತಡಿ."

"ನೀವು ಠಾಣಾಕ್ಕ ಹೋಗ್ರಿ ಆಪಾ. ನಾ ಹೋಟೆಲಿಗೆ ಹೋಗ್ತೇನಿ. ಆ ಫೋಟೋ ಯಾಕ ಹೊಡದ್ರಿ ಅಂತ ಅವರನ್ನ ನೀವು ಕೇಳೂಕಿಂತ ಮೊದಲ ನಾ ಕೇಳಬೇಕು."